ಇಲಿಯ ನರದ ವೇಗ ಅರ್ಧ ಗಂಟೆಯಲ್ಲೇ ಕಡಿಮೆ ಆಗುತ್ತಿದೆ, ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ಸ್ಟ್ರೆಪ್ಟೊಜೊಟೊಸಿನ್ ಕೊಟ್ಟು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ನರದ ವೇಗ, ಅಂದರೆ ನರದಲ್ಲಿ ಸಿಗ್ನಲ್ ಓಡುವ ವೇಗ ಅಳೆಯುತ್ತಿದ್ದೇನೆ. ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ಸೊಂಟದ ಹತ್ತಿರ ಒಮ್ಮೆ, ಹಿಮ್ಮಡಿ ಹತ್ತಿರ ಒಮ್ಮೆ ಕರೆಂಟ್ ಕೊಟ್ಟು, ಪಾದದ ಸ್ನಾಯುವಿನಿಂದ ರೆಕಾರ್ಡ್ ಮಾಡುತ್ತೇನೆ. ಕಾಯಿಲೆ ಇಲ್ಲದ ಇಲಿಯಲ್ಲೇ ಮೊದಲು ಸೆಕೆಂಡಿಗೆ 52 ಮೀಟರ್ ಬಂತು. ಅರ್ಧ ಗಂಟೆ ಬಿಟ್ಟು ನೋಡಿದರೆ 44. ಮಷೀನ್ ಕೆಟ್ಟಿದೆಯಾ?

ಉತ್ತರ: ಮಷೀನ್ ಆಮೇಲೆ ನೋಡೋಣ. ಮೊದಲು ಇಲಿಯ ಕಾಲು ಮುಟ್ಟಿ ನೋಡಿ. ತಣ್ಣಗಿದೆ ಅಲ್ವಾ? ಕೆಟಮೈನ್-ಜೈಲಜಿನ್ ಅರಿವಳಿಕೆ ಕೊಟ್ಟ ಇಲಿಗೆ ತನ್ನ ಮೈ ಬಿಸಿ ಕಾಪಾಡಿಕೊಳ್ಳಲು ಆಗುವುದಿಲ್ಲ. ಮೈ ಚಿಕ್ಕದು, ಬೇಗ ಆರುತ್ತದೆ. ನರ ತಣ್ಣಗಾದರೆ ಅದರ ಸೋಡಿಯಂ ಚಾನೆಲ್‌ಗಳು (ಸಿಗ್ನಲ್ ಹುಟ್ಟಿಸುವ ಸಣ್ಣ ಬಾಗಿಲುಗಳು) ನಿಧಾನಕ್ಕೆ ತೆರೆಯುತ್ತವೆ, ಸಿಗ್ನಲ್ ತಡವಾಗುತ್ತದೆ. ಮನುಷ್ಯರಲ್ಲಿ ಒಂದು ಡಿಗ್ರಿ ಇಳಿದರೆ ವೇಗ ಸುಮಾರು 2 ಮೀಟರ್ ಇಳಿಯುತ್ತದೆ. ಇಲಿಯಲ್ಲೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡರೆ, ನಿಮ್ಮ 8 ಮೀಟರ್‌ಗೆ ನಾಲ್ಕು ಡಿಗ್ರಿ ಸಾಕು.

ಹೀಟಿಂಗ್ ಪ್ಯಾಡ್ ಇಡಿ, ಗುದದ ತಾಪ 37ರಲ್ಲಿ ನಿಲ್ಲಲಿ. ಅಷ್ಟಕ್ಕೇ ಬಿಡಬೇಡಿ. ಮೈ ಬೆಚ್ಚಗಿದ್ದರೂ ಕಾಲು ತಣ್ಣಗಿರಬಹುದು. ಕಾಲಿನ ತಾಪವನ್ನೂ ಪ್ರತಿ ರೀಡಿಂಗ್ ಜೊತೆ ಬರೆದಿಡಿ.

ಪ್ರಶ್ನೆ: ಪ್ಯಾಡ್ ಇಟ್ಟೆ ಮೇಡಂ, ತುಂಬಾ ಸುಧಾರಿಸಿತು. ಆದರೂ ಒಂದೇ ಇಲಿಯಲ್ಲಿ ಮೂರು ನಾಲ್ಕು ಮೀಟರ್ ಆಚೀಚೆ ಬರುತ್ತಿದೆ.

ಉತ್ತರ: ಈಗ ಸ್ಕೇಲ್ ನೋಡೋಣ. ಕರೆಂಟ್ ಕೊಡುವ ಎರಡು ಜಾಗಗಳ ನಡುವೆ 40 ಮಿಲಿಮೀಟರ್, ಸಮಯದ ವ್ಯತ್ಯಾಸ 0.8 ಮಿಲಿಸೆಕೆಂಡ್ ಇದ್ದರೆ ವೇಗ 50. ಪರದೆಯಲ್ಲಿ ಸ್ನಾಯುವಿನ ಅಲೆ ಏಳುವ ಜಾಗದಲ್ಲಿ ಕರ್ಸರ್ 0.1 ಮಿಲಿಸೆಕೆಂಡ್ ತಪ್ಪಿದರೆ ಅದೇ 44 ಆಗುತ್ತದೆ! ದೂರದಲ್ಲಿ 2 ಮಿಲಿಮೀಟರ್ ತಪ್ಪಿದರೆ ಎರಡೂವರೆ ಮೀಟರ್ ಹೋಯಿತು. ಕಾಲು ಮಡಚಿದ್ದರೆ ಚರ್ಮದ ಮೇಲಿನ ಅಳತೆ ಬದಲಾಗುತ್ತದೆ. ಹಾಗಾಗಿ ಪ್ರತಿ ಸಲ ಕಾಲು ಒಂದೇ ರೀತಿ ಚಾಚಿ, ಟೇಪ್ ಹಾಕಿ, ಆಮೇಲೆ ಅಳೆಯಿರಿ.

ಕರೆಂಟ್ ಕೂಡ ಸಾಲದೆ ಇರಬಹುದು. ಅಲೆ ಇನ್ನು ದೊಡ್ಡದಾಗುವುದಿಲ್ಲ ಅನ್ನುವವರೆಗೆ ಏರಿಸಿ, ಅದರ ಮೇಲೆ ಇನ್ನೂ ಶೇಕಡಾ 20 ಕೊಡಿ. ಇಲ್ಲದಿದ್ದರೆ ಒಮ್ಮೊಮ್ಮೆ ನರದೊಳಗಿನ ವೇಗದ ತಂತುಗಳೇ ಬಿಟ್ಟುಹೋಗುತ್ತವೆ. ಗ್ರೌಂಡ್ ಎಲೆಕ್ಟ್ರೋಡ್ ಕರೆಂಟ್ ಕೊಡುವ ಜಾಗಕ್ಕೂ ರೆಕಾರ್ಡ್ ಮಾಡುವ ಜಾಗಕ್ಕೂ ನಡುವೆ ಇರಲಿ.

ಇನ್ನೊಬ್ಬ ಸದಸ್ಯರು: ನನ್ನದೂ ಇದೇ ಕೆಲಸ. ಸಕ್ಕರೆ ಇಲಿಗಳ ವೇಗ ಇಳಿಯಲೇ ಇಲ್ಲ, ಕಾಯಿಲೆ ಇಲ್ಲದ ಕಂಟ್ರೋಲ್ ಗುಂಪಿನದೇ ಏರಿತು. ಇದನ್ನು ನರದ ಹಾನಿ ಅಂತ ಬರೆಯಬಹುದಾ?

ಉತ್ತರ: ಒಳ್ಳೆಯ ಪ್ರಶ್ನೆ, ದಯವಿಟ್ಟು ಅವಸರ ಮಾಡಬೇಡಿ. ಎಳೆಯ ಇಲಿ ಬೆಳೆದಂತೆ ನರವೂ ಬಲಿತು ವೇಗ ಏರುತ್ತದೆ. ಸಕ್ಕರೆ ಕಾಯಿಲೆಯ ಇಲಿ ತೂಕ ಹಾಕುವುದಿಲ್ಲ, ಅದರ ನರವೂ ಸರಿಯಾಗಿ ಬಲಿಯುವುದಿಲ್ಲ. ನೀವು ಕಂಡದ್ದು ಬೆಳವಣಿಗೆ ನಿಂತದ್ದೂ ಇರಬಹುದು. ಕಾಯಿಲೆ ಬರಿಸುವ ಮೊದಲಿನ ರೀಡಿಂಗ್ ಮತ್ತು ಪ್ರತಿ ವಾರದ ತೂಕ ಎರಡನ್ನೂ ಕೋಷ್ಟಕದಲ್ಲಿ ಕೊಡಿ. ಮುಂದಿನ ಸಲ ಪೂರ್ತಿ ಬೆಳೆದ ಇಲಿಗಳನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ರೀಡಿಂಗ್ ಮುಗಿದ ಮೇಲೆ ಪ್ಯಾಡ್ ಆಫ್ ಮಾಡಬಹುದಾ ಮೇಡಂ?

ಉತ್ತರ: ಬೇಡಪ್ಪ. ಅದು ಎದ್ದು ಓಡಾಡುವವರೆಗೆ ಬೆಚ್ಚಗಿಡಿ, ಪಕ್ಕದಲ್ಲೇ ಇರಿ.