ಗೇಮ್ಸ್‌ಕಾಮ್ ಮೇಳಕ್ಕೆ ನಮ್ಮ ಮಳೆಯ ಆಟವನ್ನು ಕೊಂಡೊಯ್ಯಬಹುದೇ?

ಪ್ರಶ್ನೆ: ಸಂಕದಾಚೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಂಗಿ ಎರಡು ವರ್ಷಗಳಿಂದ ಮನೆಯಲ್ಲಿಯೇ ಕುಳಿತು ಒಂದು ಕಂಪ್ಯೂಟರ್ ಆಟವನ್ನು ತಯಾರಿಸುತ್ತಿದ್ದೇವೆ. ಆಷಾಢದ ಮಳೆಯಲ್ಲಿ ಶಾಲೆಗೆ ಹೊರಟ ಹುಡುಗಿಯೊಬ್ಬಳು ಕಂಬಳಿಕೊಪ್ಪೆ ಹೊದ್ದು, ಗದ್ದೆಯ ಅಂಚಿನಲ್ಲಿ ನಡೆದು, ಹಳ್ಳದ ಮೇಲಿನ ಅಡಿಕೆ ಮರದ ಸಂಕವನ್ನು (ಕಾಲುಸೇತುವೆಯನ್ನು) ದಾಟಿ ಹೋಗುವುದೇ ಅದರ ಕಥೆ. ಹಳ್ಳದ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಆಡುವವರು ಸದ್ದಿನಿಂದಲೇ ತಿಳಿದುಕೊಳ್ಳಬೇಕು. ಆ ಸದ್ದಿಗಾಗಿ ಎರಡು ಮಳೆಗಾಲ ನಮ್ಮೂರಿನ ಹಳ್ಳದ ಬದಿಯಲ್ಲಿ ಧ್ವನಿಮುದ್ರಣ ಮಾಡಿದ್ದೇವೆ.

ಜರ್ಮನಿಯ ಕಲೋನ್ ನಗರದಲ್ಲಿ ಪ್ರತಿ ವರ್ಷ ಆಗಸ್ಟ್‌ನಲ್ಲಿ ನಡೆಯುವ ವೀಡಿಯೊ ಆಟಗಳ ದೊಡ್ಡ ಮೇಳವಾದ ಗೇಮ್ಸ್‌ಕಾಮ್‌ಗೆ ಇದನ್ನು ಕೊಂಡೊಯ್ಯಬೇಕೆಂಬ ಆಸೆ ನಮ್ಮಿಬ್ಬರಿಗೂ ಇದೆ. ಈ ಬಾರಿಯ ಅಡಿಕೆಯ ದುಡ್ಡಿನಲ್ಲಿ ಒಂದು ಪಾಲನ್ನು ಕೊಡಲು ಅಪ್ಪ ಒಪ್ಪಿದ್ದಾರೆ. ಆ ದುಡ್ಡಿನ ಬೆಲೆ ನನಗೆ ಗೊತ್ತಿರುವುದರಿಂದಲೇ ಕೇಳುತ್ತಿದ್ದೇನೆ: ಅಲ್ಲಿಗೆ ಹೋಗಿಬಂದವರು ಇದ್ದರೆ, ಅಲ್ಲಿ ನಿಜವಾಗಿ ಏನು ಸಿಕ್ಕಿತು ಎಂಬುದನ್ನು ದಯವಿಟ್ಟು ಬರೆಯಿರಿ.

ಉತ್ತರ: ವರದಾಮೂಲ (ಸಾಗರ)

ನಾನು ಸಾಗರದವನು, ಬೆಂಗಳೂರಿನಲ್ಲಿ ಗೇಮ್ ತಯಾರಿಕೆಯ ಕೆಲಸದಲ್ಲಿದ್ದೇನೆ. 2024ರ ಆಗಸ್ಟ್‌ನಲ್ಲಿ ಕಲೋನ್‌ಗೆ ಹೋಗಿದ್ದೆ.

ಮೊದಲು ಅದರ ಗಾತ್ರವನ್ನು ಹೇಳುತ್ತೇನೆ. ಆ ವರ್ಷ ಬಂದವರು ಸುಮಾರು 3.35 ಲಕ್ಷ ಜನ, ತಮ್ಮ ಆಟ ಮತ್ತು ಸಲಕರಣೆಗಳನ್ನು ಪ್ರದರ್ಶಿಸಿದ ಸಂಸ್ಥೆಗಳು 1,400ಕ್ಕೂ ಹೆಚ್ಚು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷವಿತ್ತು ಎಂದರೆ ನಿಮಗೆ ಅಂದಾಜು ಸಿಗುತ್ತದೆ. ಮೂರು ವರ್ಷಕ್ಕೊಮ್ಮೆ ಬರುವ ನಮ್ಮ ಮಾರಿಕಾಂಬಾ ಜಾತ್ರೆಯನ್ನು ನೋಡಿ ಬೆಳೆದ ನನಗೆ ಜನಸಂದಣಿ ಹೊಸದಲ್ಲ. ಹೊಸದಾಗಿ ಕಂಡದ್ದು ಅಲ್ಲಿನವರ ತಾಳ್ಮೆ. ದೊಡ್ಡ ಕಂಪನಿಗಳ ಮಳಿಗೆಗಳ ಮುಂದೆ, ಅರ್ಧ ಗಂಟೆಯೂ ಇರದ ಆಟಕ್ಕಾಗಿ, ರಟ್ಟಿನ ಮಡಚುವ ಸ್ಟೂಲುಗಳ ಮೇಲೆ ಕುಳಿತು, ಸಾಲು ಸರಿದಾಗಲೆಲ್ಲ ಸ್ಟೂಲನ್ನೂ ಎತ್ತಿ ಒಂದು ಹೆಜ್ಜೆ ಮುಂದಿಟ್ಟು, ಮೂರು ನಾಲ್ಕು ಗಂಟೆ ಕಾಯುವವರನ್ನು ನಾನು ಅಲ್ಲಿ ಕಂಡೆ.

ಹೊಸ ಆಟಗಳ ಸುದ್ದಿ ತಿಳಿಯಲು ಅಲ್ಲಿಗೆ ಹೋಗುವ ಅಗತ್ಯ ಈಗ ಯಾರಿಗೂ ಇಲ್ಲ. 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಇ3 ಮೇಳ ಒಂದು ಕಾಲದಲ್ಲಿ ಇಡೀ ಉದ್ಯಮದ ಸುದ್ದಿಯ ಕೇಂದ್ರವಾಗಿತ್ತು. 2019ರ ನಂತರ ಅಲ್ಲಿ ಜನ ಮತ್ತೆ ಸೇರಲೇ ಇಲ್ಲ, 2023ರ ಡಿಸೆಂಬರ್‌ನಲ್ಲಿ ಅದನ್ನು ಅಧಿಕೃತವಾಗಿ ಕೊನೆಗೊಳಿಸಿದರು. ಜಪಾನಿನ ಗೇಮ್ ಕಂಪನಿ ನಿಂಟೆಂಡೊ 2011ರಿಂದಲೇ ತನ್ನ ಘೋಷಣೆಗಳನ್ನು ವೀಡಿಯೊ ಮೂಲಕ ನೇರವಾಗಿ ಜನರಿಗೆ ತಲುಪಿಸತೊಡಗಿತ್ತು. ಗೇಮ್ಸ್‌ಕಾಮ್ ಉಳಿದಿರುವುದು ಸಾಮಾನ್ಯ ಜನರೂ ಒಳಗೆ ಬಂದು, ಆಟವನ್ನು ಕೈಗೆತ್ತಿಕೊಂಡು ಆಡುವ ಜಾಗ ಅದಾಗಿರುವುದರಿಂದ ಎಂದು ನಾನು ನಂಬಿದ್ದೇನೆ.

ನನ್ನ ಮನಸ್ಸಿನಲ್ಲಿ ನಿಂತಿರುವುದು ಸಣ್ಣ ತಂಡಗಳ ವಿಭಾಗ. ಅಲ್ಲಿ ಒಂದು ಮೇಜು, ಒಂದು ಪರದೆ, ಹಿಂದೆ ಕೈಕಟ್ಟಿ ನಿಂತ ಒಬ್ಬ ತಯಾರಕಿ. ಆಡಲು ಕುಳಿತ ಹುಡುಗ ಒಂದು ಬಾಗಿಲಿನ ಮುಂದೆ ಬಂದು ಸಿಕ್ಕಿಕೊಂಡ. ಅದು ತೆರೆಯುವ ಬಾಗಿಲೆಂಬುದು ಅವನಿಗೆ ತಿಳಿಯಲಿಲ್ಲ. ಆಕೆಯ ತುಟಿ ಎರಡು ಸಲ ಅಲುಗಿತು, ಮಾತು ಮಾತ್ರ ಹೊರಡಲಿಲ್ಲ. ಪುಟ್ಟ ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಂಡರು. ಮರುದಿನ ಬೆಳಿಗ್ಗೆ ನಾನು ಅದೇ ಆಟವನ್ನು ಆಡಿದಾಗ ಆ ಬಾಗಿಲ ಮೇಲೆ ಒಂದು ದೀಪ ಉರಿಯುತ್ತಿತ್ತು. ರಾತ್ರಿ ನಿದ್ದೆಗೆಟ್ಟು ಅದನ್ನು ಸೇರಿಸಿದ್ದರು. ನಮ್ಮ ಮನೆಯವರು, ಗೆಳೆಯರು ಪ್ರೀತಿಯಿಂದ ಮುಚ್ಚಿಡುವ ತಪ್ಪುಗಳನ್ನು ಗುರುತು ಪರಿಚಯವಿಲ್ಲದವರ ಬೆರಳುಗಳು ಐದೇ ನಿಮಿಷದಲ್ಲಿ ತೋರಿಸಿಕೊಡುತ್ತವೆ. ನನಗೆ ಅಲ್ಲಿ ಸಿಕ್ಕಿದ್ದು ಇದು.

ನಿಮ್ಮ ಆಟದ ವಿಷಯದಲ್ಲಿ ನನಗೊಂದು ಆತಂಕವಿದೆ. ಆ ಸಭಾಂಗಣಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಧ್ವನಿವರ್ಧಕಗಳ ಅಬ್ಬರ ನಿಲ್ಲುವುದಿಲ್ಲ. ಎರಡು ಮಳೆಗಾಲ ಕಷ್ಟಪಟ್ಟು ಹಿಡಿದ ನಿಮ್ಮ ಹಳ್ಳದ ಸದ್ದು ಅಲ್ಲಿ ಯಾರಿಗೂ ಕೇಳಿಸದು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನುಗಳನ್ನು, ಒಂದು ಕೆಟ್ಟರೆ ಇನ್ನೊಂದಿರುವಂತೆ, ಖಂಡಿತ ಒಯ್ಯಿರಿ. ಆಟಗಳನ್ನು ಮಾರುಕಟ್ಟೆಗೆ ತರುವ ಪ್ರಕಾಶಕರನ್ನು ಕಾಣುವ ಉದ್ದೇಶವಿದ್ದರೆ ವಾರಗಳ ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ. ವ್ಯಾಪಾರ ವಿಭಾಗ ಶುಕ್ರವಾರವೇ ಮುಚ್ಚುವುದರಿಂದ ಶನಿವಾರ ಹೋದವರಿಗೆ ಅವರು ಸಿಗುವುದಿಲ್ಲ.

ಉತ್ತರ: ಗಾಜನೂರಿನ ಗಾಳಿ (ಶಿವಮೊಗ್ಗ)

ಸಾಗರದವರ ಮಾತನ್ನು ಒಪ್ಪುತ್ತೇನೆ, ಆದರೆ ಅಪರಿಚಿತರ ಬೆರಳುಗಳಿಗಾಗಿ ಕಲೋನ್‌ವರೆಗೆ ಹೋಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. 2024ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ನಡೆದ ಭಾರತೀಯ ಗೇಮ್ ಡೆವಲಪರ್ ಸಮ್ಮೇಳನಕ್ಕೆ ನಾನು ಹೋಗಿದ್ದೆ. ಅಲ್ಲಿಯೂ ಸಣ್ಣ ತಂಡಗಳ ಆಟಗಳಿದ್ದವು, ಆಡಿ ನೋಡುವವರಿದ್ದರು, ಪ್ರಕಾಶಕರೂ ಇದ್ದರು. ಇನ್ನೂ ಹತ್ತಿರಕ್ಕೆಂದರೆ ಬೆಂಗಳೂರಿನಲ್ಲಿ ನಡೆಯುವ, ಗೇಮ್ ಮತ್ತು ಅನಿಮೇಷನ್ ಕ್ಷೇತ್ರದವರ ಸಮ್ಮೇಳನವಾದ ಜಿಎಎಫ್‌ಎಕ್ಸ್ ಇದೆ. ಶಿವಮೊಗ್ಗದಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ತಲುಪಬಹುದು.

ಖರ್ಚಿನ ಲೆಕ್ಕವನ್ನೂ ಹೇಳಬೇಕು. ಜರ್ಮನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಶುಲ್ಕವೇ 2024ರ ಜೂನ್‌ನಿಂದ ಒಬ್ಬರಿಗೆ 90 ಯೂರೊ ಆಗಿದೆ. ಅದರ ಮೇಲೆ ಇಬ್ಬರ ವಿಮಾನದ ಟಿಕೆಟ್, ಮೇಳದ ವಾರದಲ್ಲಿ ಏರುವ ಹೋಟೆಲ್ ಬಾಡಿಗೆ, ಮಳಿಗೆಯ ದರ. ಅಡಿಕೆಯ ದುಡ್ಡು ಎಂದಿರಿ. ಕೊಳೆರೋಗ ಬಂದ ವರ್ಷ ಆ ದುಡ್ಡು ಮನೆಗೆ ಎಷ್ಟು ಬೇಕಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಮೊದಲು ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಆಟದ ಪುಟ ತೆರೆಯಿರಿ. ಅಲ್ಲಿ ವರ್ಷಕ್ಕೆ ಮೂರು ಬಾರಿ ನಡೆಯುವ ನೆಕ್ಸ್ಟ್ ಫೆಸ್ಟ್ ಎಂಬ ಆನ್‌ಲೈನ್ ಉತ್ಸವದಲ್ಲಿ ಡೆಮೊ (ಆಟದ ಮಾದರಿ ಭಾಗ) ಇಟ್ಟರೆ ಜಗತ್ತಿನ ಎಲ್ಲ ಕಡೆಯವರೂ ಆಡಬಹುದು. ಒಂದು ಆಟಕ್ಕೆ ಒಂದೇ ಸಲ ಅವಕಾಶವಿರುವುದರಿಂದ, ಹತ್ತಾರು ಹೊರಗಿನವರು ಆಡಿ ಡೆಮೊ ಚೆನ್ನಾಗಿ ಹದಗೊಂಡ ಮೇಲೆಯೇ ಅದನ್ನು ಬಳಸಿಕೊಳ್ಳಿ.

ಉತ್ತರ: ನೇಪಥ್ಯ (ಹೆಗ್ಗೋಡು)

ನಾನು ಗೇಮ್ ಕ್ಷೇತ್ರದವಳಲ್ಲ, ನಾಟಕಗಳಿಗೆ ಧ್ವನಿವಿನ್ಯಾಸ ಮಾಡುತ್ತೇನೆ. ಹೆಡ್‌ಫೋನ್ ಕೊಟ್ಟರೆ ಸಾಕು ಎಂಬ ಮಾತಿಗೆ ಒಂದನ್ನು ಸೇರಿಸಬೇಕೆನಿಸಿತು. ಕಿವಿ ಕೇಳದವರೂ ನಿಮ್ಮ ಆಟವನ್ನು ಆಡಲು ಕುಳಿತಾರು. ಅವರಿಗೆ ಹಳ್ಳದ ನೀರು ಹೇಗೆ ತಿಳಿಯಬೇಕು? ನಮ್ಮ ಮನೆಯ ಕೆಳಗಿನ ಹಳ್ಳದಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಕಲ್ಲಿನ ತಲೆ ಕಾಣುವವರೆಗೆ ನಮ್ಮನ್ನು ಸಂಕ ದಾಟಲು ಬಿಡುತ್ತಿದ್ದರು. ಅದು ಮುಳುಗಿತೆಂದರೆ ಆ ದಿನ ಶಾಲೆಯಿಲ್ಲ. ಸದ್ದನ್ನು ತೆಗೆಯಬೇಡಿ, ಅದರ ಜೊತೆಗೆ ಅಂತಹ ಒಂದು ಕಲ್ಲನ್ನೂ ಇಡಿ.

ಮರುಉತ್ತರ: ಸಂಕದಾಚೆ (ತೀರ್ಥಹಳ್ಳಿ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ವರ್ಷ ಕಲೋನ್ ಬೇಡವೆಂದು ತೀರ್ಮಾನಿಸಿ ಅಪ್ಪನಿಗೂ ಹೇಳಿದ್ದೇವೆ. ಮೊದಲು ನಮ್ಮ ದೇಶದ ಮೇಳಗಳಲ್ಲಿ ಮೇಜು ಹಾಕುತ್ತೇವೆ, ನಂತರ ನೆಕ್ಸ್ಟ್ ಫೆಸ್ಟ್, ಅದು ಚೆನ್ನಾಗಿ ನಡೆದರೆ ಮುಂದಿನ ವರ್ಷ ಜರ್ಮನಿ.

ಹೆಗ್ಗೋಡಿನವರ ಕಲ್ಲನ್ನು ತಂಗಿ ನಿನ್ನೆ ರಾತ್ರಿಯೇ ಚಿತ್ರಿಸಿ ಸಂಕದ ಪಕ್ಕದಲ್ಲಿ ಕೂರಿಸಿದಳು. ಇಂದು ಸಂಜೆ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಕಂಪ್ಯೂಟರ್ ಆಟವನ್ನೇ ಆಡಿರದ ಪಕ್ಕದ ಮನೆಯ ಅಜ್ಜನ ಕೈಗೆ ಕೊಟ್ಟು ನಾವಿಬ್ಬರೂ ಹಿಂದೆ ಮಾತನಾಡದೆ ನಿಂತೆವು. ಅವರು ಕಲ್ಲನ್ನು ತಕ್ಷಣವೇ ಗುರುತಿಸಿ, ನೀರು ಇಳಿಯುವವರೆಗೆ ಕಾದರು. ಆದರೆ ಹುಡುಗಿಯನ್ನು ಸಂಕದ ಮೇಲೆ ಹತ್ತಿಸುವ ಗುಂಡಿ ಯಾವುದೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅದನ್ನು ಬರೆದುಕೊಂಡಿದ್ದೇವೆ.