ಹಸಿ ಹಾಲು ಮಗುವಿಗೆ ಕೊಡಬಹುದಾ? ಅನುಭವ ಇರುವವರು ಹೇಳಿ

ತಿಪಟೂರಿನಿಂದ: ಹೊಸದಾಗಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ತಂದಿದ್ದೇವೆ. ನಾಲ್ಕು ವರ್ಷದ ಮಗಳಿಗೆ ನೊರೆಹಾಲು ಹಾಗೇ ಕೊಡಿ ಎನ್ನುತ್ತಾರೆ ಅತ್ತೆ. ರೋಗಾಣು ತಡೆಯುವ ಅಂಶ ಹಾಲಿನಲ್ಲೇ ಇದೆ, ಕಾಯಿಸಿದರೆ ಹೋಗುತ್ತದೆ ಅಂತೆ. ನೀವೆಲ್ಲ ಏನು ಮಾಡುತ್ತೀರಿ?

ಹಾಸನದಿಂದ: ನಮ್ಮ ಮನೆಯವರು ಹಸಿ ಹಾಲೇ ಕುಡಿಯುತ್ತಿದ್ದರು. ಸಂಜೆ ಜ್ವರ, ರಾತ್ರಿ ಬೆವರು, ಬೆಳಿಗ್ಗೆ ಏನೂ ಇಲ್ಲ. ಸೊಂಟ ಹಿಡಿದು ಏಳುವುದಕ್ಕೇ ಆಗುತ್ತಿರಲಿಲ್ಲ. ಒಬ್ಬರು ಟೈಫಾಯಿಡ್ ಎಂದರು. ಇನ್ನೊಬ್ಬರು ಡಿಸ್ಕ್ ಎಂದು ಎಂಆರ್‌ಐ ಬರೆದರು, 7,200 ರೂಪಾಯಿ. ರಕ್ತ ಪರೀಕ್ಷೆಗಳಿಗೆ 4,350. ಕಾರಿನ ಬಾಡಿಗೆ ಪ್ರತಿ ಸಲ 1,800. ಕೊನೆಗೆ ಬ್ರುಸೆಲ್ಲಾ, ಅಂದರೆ ದನದಿಂದ ಮನುಷ್ಯರಿಗೆ ಹರಡುವ ಬ್ಯಾಕ್ಟೀರಿಯಾ ಸೋಂಕು ಎಂದು ಗೊತ್ತಾಯಿತು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಆರು ವಾರ ನುಂಗಿದರು. ಆ ಹಸು ಮುಂಚೆಯೇ ಏಳು ತಿಂಗಳಿಗೆ ಕಂದು ಹಾಕಿತ್ತಂತೆ (ಗರ್ಭಪಾತ), ಅದೂ ಈ ರೋಗದ ಲಕ್ಷಣವೇ. ಅದನ್ನು ನಮಗೆ ಮಾರಿ 68,000 ಎಣಿಸಿಕೊಂಡವನು ಅದರ ಬಗ್ಗೆ ಬಾಯಿ ಬಿಡಲಿಲ್ಲ.

ಶಿರಸಿಯಿಂದ: ಅದು ಕೊಂಡು ತಂದ ಹಸುವಿನ ಕಥೆ. ನಮ್ಮದು ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದ ನಾಟಿ ತಳಿ, ಮಲೆನಾಡು ಗಿಡ್ಡ. ಅಜ್ಜನ ಕಾಲದಿಂದ ಕರೆದ ಹಾಲು ಹಾಗೇ ಕುಡಿದಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಬೆಳಗಿನ ಹಾಲು ಫ್ರಿಜ್ ಇಲ್ಲದೆ ಮಧ್ಯಾಹ್ನದ ತನಕ ಕೆಡುವುದಿಲ್ಲ. ರೋಗಾಣು ತಡೆಯುವ ಲ್ಯಾಕ್ಟೋಪೆರಾಕ್ಸಿಡೇಸ್, ಲ್ಯಾಕ್ಟೋಫೆರಿನ್ ಎನ್ನುವ ಪ್ರೋಟೀನ್‌ಗಳು ಹಾಲಿನಲ್ಲಿ ಸುಮ್ನೆ ಇರುತ್ತವಾ?

ಮಂಡ್ಯದಿಂದ: ನಾನು ಡೈರಿಯಲ್ಲಿ ಹಾಲು ತಂಪು ಮಾಡಿಡುವ ಬಲ್ಕ್ ಕೂಲರ್ ನೋಡಿಕೊಳ್ಳುವವನು. ಲ್ಯಾಕ್ಟೋಪೆರಾಕ್ಸಿಡೇಸ್ ಬ್ಯಾಕ್ಟೀರಿಯಾ ಬೆಳೆಯುವುದನ್ನು ಕೆಲವು ಗಂಟೆ ತಡೆಯುತ್ತದೆ, ಅಷ್ಟೇ. ಅದು ಕೆಲಸ ಮಾಡಲು ಹಾಲಿನಲ್ಲಿ ಥಯೋಸಯನೇಟ್, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಇರಬೇಕು. ಲ್ಯಾಕ್ಟೋಫೆರಿನ್ ಕಬ್ಬಿಣವನ್ನು ಬ್ಯಾಕ್ಟೀರಿಯಾಕ್ಕೆ ಸಿಗದ ಹಾಗೆ ಹಿಡಿದಿಡುತ್ತದೆ. ಗಿಣ್ಣಿನಲ್ಲಿ ಜಾಸ್ತಿ, ಮಾಮೂಲಿ ಹಾಲಿನಲ್ಲಿ ಕಡಿಮೆ. ಇಂಥದ್ದೇ ಇನ್ನೊಂದು ಪ್ರೋಟೀನ್ ಲೈಸೋಜೈಮ್ ತಾಯಿಹಾಲಿನಲ್ಲಿ ಧಾರಾಳ, ಹಸುವಿನ ಹಾಲಿನಲ್ಲಿ ಹೆಸರಿಗಷ್ಟೇ. ಇವನ್ನು ನಂಬಿ ಬ್ರುಸೆಲ್ಲಾ, ಕ್ಷಯದ ರೋಗಾಣು ಇರುವ ಹಾಲು ಕುಡಿಯುವ ಹಾಗಿಲ್ಲ. 72 ಡಿಗ್ರಿಯಲ್ಲಿ 15 ಸೆಕೆಂಡ್ ಪಾಶ್ಚರೀಕರಿಸಿದರೆ ಆ ರೋಗಾಣುಗಳು ಸಾಯುತ್ತವೆ, ಲ್ಯಾಕ್ಟೋಪೆರಾಕ್ಸಿಡೇಸ್ ಬಹುಪಾಲು ಉಳಿಯುತ್ತದೆ. ಮನೆಯಲ್ಲಿ ಕುದಿಸಿದರೆ ಅದೂ ಹೋಗುತ್ತದೆ. ಹೋಗಲಿ ಬಿಡಿ.

ಚಿಂತಾಮಣಿಯಿಂದ: ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದನ್ನೂ ಒಪ್ಪುವುದಿಲ್ಲ. ಕೆಚ್ಚಲು ಬಾವಿನ ಹಾಲನ್ನು ಹೊರಗೆ ಇಟ್ಟರೆ ಸ್ಟ್ಯಾಫಿಲೊಕಾಕಸ್ ಎನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ನಮ್ಮ ಹಸುವಿನ ಹಿಂದಿನ ಎಡ ಮೊಲೆಯೇ ಹೋಯಿತು. ಮೊಲೆಗೆ ಬಿಡುವ ಟ್ಯೂಬ್ ಒಂದಕ್ಕೆ 185. ಇಂಜೆಕ್ಷನ್, ಡ್ರಿಪ್ಸ್ ಸೇರಿ 5,640. ಔಷಧಿ ಮುಗಿದ ಮೇಲೂ ಡಾಕ್ಟರು ಹೇಳುವ ತನಕ ಹಾಲು ಚೆಲ್ಲಿದೆವು. ಡೈರಿ ಬಟವಾಡೆ ಅರ್ಧಕ್ಕೆ ಇಳಿಯಿತು. ಈಗ ಕರೆದ ಮೇಲೆ ಮೊಲೆಗಳನ್ನು ಅಯೋಡಿನ್‌ಗೆ ಅದ್ದುತ್ತೇವೆ. ತಕ್ಷಣ ಹಸು ಮಲಗದಂತೆ ಮುಂದೆ ಮೇವು ಹಾಕುತ್ತೇವೆ. ಶಿರಸಿಯವರೇ, ಹಾಲಿನ ಶಕ್ತಿ ಎನ್ನುತ್ತೀರಲ್ಲ, ಗಿಣ್ಣು ಮಾರುವವರು ಕರುವಿಗೆ ಎಷ್ಟು ಬಿಡುತ್ತಾರೆ?

ಶಿರಸಿಯಿಂದ: ಗಿಣ್ಣನ್ನು ಯಾಕೆ ಎಳೆದು ತಂದಿರಿ? ನಮ್ಮಲ್ಲಿ ಕರು ಕುಡಿದು ಉಳಿದದ್ದೇ ನಮಗೆ. ಮಿಶ್ರತಳಿ ಕಟ್ಟಿ ಔಷಧಿ ಅಂಗಡಿಗೆ ದುಡ್ಡು ಸುರಿಯುವವರಿಂದ ನಾವು ಕಲಿಯಬೇಕಾಗಿಲ್ಲ.

ಹಾಸನದಿಂದ: ಬ್ರುಸೆಲ್ಲಾ ತಳಿ ಕೇಳಿಕೊಂಡು ಬರುವುದಿಲ್ಲ ಸರ್. ನಮ್ಮ ಹಸು ನೋಡುವುದಕ್ಕೆ ಗಟ್ಟಿಯಾಗೇ ಇತ್ತು, ಹಾಲೂ ಚೆನ್ನಾಗಿ ಕೊಡುತ್ತಿತ್ತು. ನಿಮ್ಮ ಗಿಡ್ಡಕ್ಕೆ ಒಂದು ಸಲವಾದರೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಹಸು ಈದ ಮೇಲೆ ಕಸವನ್ನು (ಮಾಸನ್ನು) ಬರಿಗೈಯಲ್ಲಿ ಎಳೆಯುವವರಿಗೂ ಈ ರೋಗ ಬರುತ್ತದೆ.

ಚಿಂತಾಮಣಿಯಿಂದ: ಉಳಿದದ್ದು ನಮಗೆ ಎಂದರೆ ಸಾಲದು, ಯಾವಾಗ ಕುಡಿಸಿದಿರಿ ಎನ್ನುವುದೂ ಮುಖ್ಯ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿನ ಹೊಟ್ಟೆಗೆ ಗಿಣ್ಣು ಸೇರಬೇಕು. ಒಂದು ದಿನ ಕಳೆದರೆ ಅದರ ಪ್ರತಿಕಾಯಗಳನ್ನು ಕರುಳು ಹೀರುವುದಿಲ್ಲ. ಪಕ್ಕದ ಮನೆಯವರು ಲೀಟರಿಗೆ 150ರಂತೆ ಗಿಣ್ಣು ಮಾರಿದರು, ಕರು ಭೇದಿಯಾಗಿ ಸತ್ತಿತು.

ಮಂಡ್ಯದಿಂದ: ಜಗಳ ಸಾಕು. ತಿಪಟೂರಿನವರೇ, ಮುಂದೆ ಹೆಣ್ಣು ಕರು ಹುಟ್ಟಿದರೆ 4ರಿಂದ 8 ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ. ಕೇಂದ್ರದ 2019ರ ಯೋಜನೆಯಲ್ಲಿ ಅದು ಪುಕ್ಕಟೆ.

ಶಿರಸಿಯಿಂದ: ಗಿಡ್ಡದ ಕರುವಿಗೂ ಹಾಕುತ್ತಾರಾ?