"ಒಂದೇ ವರ್ಷದಲ್ಲಿ ಬಿಟೆಕ್, ಡಿಪ್ಲೊಮಾ ಕ್ರೆಡಿಟ್ ವರ್ಗಾವಣೆ" ಎನ್ನುತ್ತಿದ್ದಾರೆ. ನಂಬಬಹುದೇ?

ಪೀಣ್ಯ_ಎರಡನೇ_ಹಂತ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು ಮಧುಗಿರಿ ಹತ್ತಿರದ ಹಳ್ಳಿ. 2023ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ವಿಭಾಗಕ್ಕೆ ಸೇರಿಕೊಂಡೆ. ಪ್ರೋಗ್ರಾಂ ಬರೆಯುವುದು, ಟೂಲ್ ಆಫ್‌ಸೆಟ್ (ಉಪಕರಣದ ಸ್ಥಾನದ ತಿದ್ದುಪಡಿ) ಸರಿಪಡಿಸುವುದು, ಮೊದಲ ಪೀಸ್ ಅಳೆದು ಒಪ್ಪಿಸುವುದು ಎಲ್ಲ ನನ್ನ ಕೈಯಲ್ಲೇ ಇದೆ. ಆದರೆ ಪ್ರೊಡಕ್ಷನ್ ಇಂಜಿನಿಯರ್ ಹುದ್ದೆ ಖಾಲಿಯಾದಾಗ ಬಿಇ ಇದ್ದವರನ್ನೇ ಕರೆಯುತ್ತಾರೆ.

ಪರಿಚಯದವರೊಬ್ಬರ ಮೂಲಕ ಒಬ್ಬ ಏಜೆಂಟ್ ಸಿಕ್ಕಿದ್ದಾರೆ. ಡಿಪ್ಲೊಮಾದ ಕ್ರೆಡಿಟ್‌ಗಳನ್ನು (ಪಾಸಾದ ವಿಷಯಗಳಿಗೆ ಸಿಗುವ ಅಂಕಮಾನ) ವರ್ಗಾವಣೆ ಮಾಡಿಸಿ, ಬೇರೆ ರಾಜ್ಯದ ವಿಶ್ವವಿದ್ಯಾಲಯದಿಂದ ಒಂದೇ ವರ್ಷದಲ್ಲಿ ಬಿಟೆಕ್ ಕೊಡಿಸುತ್ತಾರಂತೆ. ತರಗತಿಗೆ ಹೋಗಬೇಕಾಗಿಲ್ಲ, ಪರೀಕ್ಷೆಗೆ ಮಾತ್ರ ಹೋದರೆ ಸಾಕು. ಒಟ್ಟು 1 ಲಕ್ಷ 80 ಸಾವಿರ ರೂಪಾಯಿ, ಶನಿವಾರದೊಳಗೆ 30 ಸಾವಿರ ಮುಂಗಡ. "ಸರ್ಕಾರವೇ ಕ್ರೆಡಿಟ್ ಬ್ಯಾಂಕ್ ತೆರೆದಿದೆ, ಇದೆಲ್ಲ ಈಗ ಕಾನೂನುಬದ್ಧ" ಎಂದು ಮೊಬೈಲಿನಲ್ಲಿ ಡಿಜಿಲಾಕರ್ ತೆರೆದು ತೋರಿಸಿದರು. ಅಪ್ಪ ಸಾಲ ಮಾಡಿಯಾದರೂ ಕೊಡೋಣ ಎನ್ನುತ್ತಿದ್ದಾರೆ.

ಇದು ನಿಜವೇ? ಇಲ್ಲವಾದರೆ ನನ್ನಂಥವರಿಗೆ ಬೇರೆ ಯಾವ ದಾರಿಯಿದೆ? ಪಿಯುಸಿ ಮಾಡಿಲ್ಲ, ಗಣಿತ ಮರೆತುಹೋಗಿದೆ. ಮತ್ತೆ ಮೊದಲ ವರ್ಷದಿಂದ ಶುರು ಮಾಡುವ ಸ್ಥಿತಿಯಲ್ಲಿ ನಾನಿಲ್ಲ.

---

ಪಾಲಿಟೆಕ್ನಿಕ್_ಮೇಷ್ಟ್ರು ಉತ್ತರ:

ಮೊದಲು ಒಂದು ಮಾತು. ಶನಿವಾರ ಒಂದು ರೂಪಾಯಿಯನ್ನೂ ಕೊಡಬೇಡಿ. ಅಪ್ಪನಿಗೆ ಇವತ್ತೇ ಫೋನ್ ಮಾಡಿ ಹೇಳಿ.

ನಾನು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ. ನಿಮ್ಮಂಥ ಹುಡುಗರು ಇಂಥ ಕರಪತ್ರ ಹಿಡಿದುಕೊಂಡು ವಿಭಾಗದ ಬಾಗಿಲಿಗೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಜೆಂಟರು ಮಾರುತ್ತಿರುವ "ಕ್ರೆಡಿಟ್ ವರ್ಗಾವಣೆ" ನಿಮಗೆ ಕಾನೂನಿನಲ್ಲಿ ಈಗಾಗಲೇ ಹಕ್ಕಾಗಿ ಸಿಕ್ಕಿದೆ. ಅದಕ್ಕೆ ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ಮೂರು ವರ್ಷದ ಡಿಪ್ಲೊಮಾ ಪಾಸಾದವರು ಬಿಇಯ ಮೊದಲ ವರ್ಷವನ್ನು ಓದಬೇಕಾಗಿಲ್ಲ, ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಸೇರುತ್ತಾರೆ. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಬಿಇಗೆ ಒಟ್ಟು 160 ಕ್ರೆಡಿಟ್. ನೀವು ಗಳಿಸಬೇಕಾದದ್ದು 120. ಮೊದಲ ವರ್ಷದ 40 ನಿಮ್ಮ ಡಿಪ್ಲೊಮಾಕ್ಕೆ ಸಿಕ್ಕ ಮನ್ನಣೆ. ಸಮಾಜಸೇವೆ ಮುಂತಾದವಕ್ಕೆ ಕೊಡುವ ಚಟುವಟಿಕೆ ಅಂಕಗಳಲ್ಲೂ ಹೀಗೆಯೇ: ಮೊದಲ ವರ್ಷದಿಂದ ಓದುವವರಿಗೆ 100, ನಿಮಗೆ 75. ಒಂದು ವರ್ಷ ಉಳಿಯುತ್ತದೆ. ಮೂರು ವರ್ಷ ಉಳಿಯುತ್ತದೆ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ.

"ತರಗತಿಗೆ ಹೋಗಬೇಕಾಗಿಲ್ಲ" ಎಂಬ ಮಾತೇ ಸಾಕು. ದೂರಶಿಕ್ಷಣದ ಇಂಜಿನಿಯರಿಂಗ್ ಪದವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2017ರ ನವೆಂಬರ್ 3ರಂದು ತೀರ್ಪು ಕೊಟ್ಟಿದೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಮಂಡಳಿಯಾದ ಎಐಸಿಟಿಇ ಒಪ್ಪಿಗೆಯಿಲ್ಲದೆ ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿ ಹಂಚಿದ್ದವು. 2001ರಿಂದ 2005ರವರೆಗೆ ಸೇರಿದ್ದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಮತ್ತೆ ಪರೀಕ್ಷೆ ಬರೆದು ಪಾಸಾಗಬೇಕೆಂದರು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ಎಷ್ಟೋ ವರ್ಷ ಕೆಲಸ ಮಾಡಿ ಬಡ್ತಿ ಪಡೆದಿದ್ದವರು ಒಂದೇ ತೀರ್ಪಿನಿಂದ ಬೀದಿಗೆ ಬಂದಂತಾಯಿತು. ಆ ಜನ ಓದಿದ್ದು ಕಣ್ಣಿಗೆ ಕಾಣುವ, ಹೆಸರುಳ್ಳ ಸಂಸ್ಥೆಗಳಲ್ಲಿ. ನಿಮ್ಮ ಏಜೆಂಟ್ ಸಂಸ್ಥೆಯ ಹೆಸರನ್ನಾದರೂ ಬರೆದುಕೊಟ್ಟಿದ್ದಾರೆಯೇ?

ಸರಿಯಾದ ದಾರಿ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಸಾಮಾನ್ಯ ಪ್ರವೇಶ ಪರೀಕ್ಷೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ನಡೆಸುವ ಪರೀಕ್ಷೆ ಇದು. ಡಿಪ್ಲೊಮಾದಲ್ಲಿ ಶೇ 45 ಅಂಕ ಇರಬೇಕು, ಮೀಸಲು ವರ್ಗದವರಿಗೆ ಶೇ 40. ಪ್ರತಿ ಕೋರ್ಸಿನಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ 10ರಷ್ಟು ಹೆಚ್ಚುವರಿ ಸೀಟುಗಳು ಲ್ಯಾಟರಲ್ ಎಂಟ್ರಿಯವರಿಗೆ ಇರುತ್ತವೆ. ಜೊತೆಗೆ ಹಿಂದಿನ ವರ್ಷ ಮೊದಲ ವರ್ಷದಲ್ಲಿ ಭರ್ತಿಯಾಗದೆ ಉಳಿದ ಸೀಟುಗಳೂ ಸೇರುತ್ತವೆ. ಮೆಕ್ಯಾನಿಕಲ್‌ನಲ್ಲಿ ಹೀಗೆ ಉಳಿಯುವ ಸೀಟುಗಳು ಕಂಪ್ಯೂಟರ್ ವಿಭಾಗಕ್ಕಿಂತ ಹೆಚ್ಚು. ಇದು ನಿಮಗೆ ಅನುಕೂಲ.

ಪರೀಕ್ಷೆಗೆ ಹೆದರಬೇಡಿ. ನೀವು ಸಿ-20 ಪಠ್ಯಕ್ರಮದ (2020ರಲ್ಲಿ ಬಂದ ಡಿಪ್ಲೊಮಾ ಪಠ್ಯಕ್ರಮ) ಮೊದಲ ತಂಡದವರು. ಈಗಿನ ಡಿಸಿಇಟಿ 100 ಅಂಕಗಳ ಒಂದೇ ಪತ್ರಿಕೆ. ಎಲ್ಲ ವಿಭಾಗದವರಿಗೂ ಸಮಾನವಾಗಿದ್ದ ವಿಷಯಗಳೇ ಅದರಲ್ಲಿರುತ್ತವೆ: ಇಂಜಿನಿಯರಿಂಗ್ ಗಣಿತ, ಸಂಖ್ಯಾಶಾಸ್ತ್ರ, ಐಟಿ ಕೌಶಲ, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಮೂಲಾಂಶ, ಯೋಜನಾ ನಿರ್ವಹಣೆ. ಹಳೆಯ ನೋಟ್ಸ್ ಅಟ್ಟದ ಮೇಲಿದ್ದರೆ ಇಳಿಸಿ.

ನಾನು ಹೆದರುವುದು ಸೀಟು ಸಿಕ್ಕ ಮೇಲಿನ ನಾಲ್ಕು ತಿಂಗಳಿಗೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಮೂರನೇ ಸೆಮಿಸ್ಟರ್‌ನ ಗಣಿತದಲ್ಲಿ ಲಾಪ್ಲಾಸ್ ಪರಿವರ್ತನೆ, ಫೋರಿಯರ್ ಶ್ರೇಣಿಯಂಥವು ಎದುರಾಗಬಹುದು. ಪಿಯುಸಿಯಿಂದ ಬಂದವರು ಅದಕ್ಕೆ ಮೊದಲು ಎರಡು ವರ್ಷ ಪಿಯುಸಿ ಗಣಿತ, ಎರಡು ಸೆಮಿಸ್ಟರ್ ಬಿಇ ಗಣಿತ ಮುಗಿಸಿರುತ್ತಾರೆ. ಹಳೆಯ ಸಿ-15ರಲ್ಲಿ ಡಿಪ್ಲೊಮಾದವರಿಗೂ ಎರಡು ಗಣಿತ ಪತ್ರಿಕೆಗಳಿದ್ದವು, ನಿಮಗೆ ಸಿಕ್ಕದ್ದು ಒಂದೇ. ಮೊದಲ ವರ್ಷದ ಕ್ರೆಡಿಟ್ ಮನ್ನಾ ಆಗಿರಬಹುದು, ಆ ವರ್ಷದ ಗಣಿತ ಮನ್ನಾ ಆಗುವುದಿಲ್ಲ. ವಿಟಿಯು ಇದಕ್ಕೆಂದೇ 2018ರ ಸ್ಕೀಮ್‌ನಲ್ಲಿ ಲ್ಯಾಟರಲ್ ಎಂಟ್ರಿಯವರಿಗೆ ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ನಲ್ಲಿ ಹೆಚ್ಚುವರಿ ಗಣಿತ ಇಟ್ಟಿತ್ತು. ಕ್ರೆಡಿಟ್ ಇಲ್ಲ, ಆದರೂ ಕಡ್ಡಾಯ. ನೀವು ಸೇರುವ ವರ್ಷದ ಸ್ಕೀಮ್‌ನಲ್ಲಿ ಏನಿದೆ ಎಂದು ಪ್ರವೇಶದ ದಿನವೇ ಕಾಲೇಜಿನಲ್ಲಿ ಕೇಳಿಕೊಳ್ಳಿ.

ಒಂದು ಲೆಕ್ಕ ತೋರಿಸುತ್ತೇನೆ. −π ಇಂದ π ವರೆಗೆ x²ರ ಫೋರಿಯರ್ ಶ್ರೇಣಿ ಬರೆಯಬೇಕು, ಅಂದರೆ x² ಅನ್ನು sin, cos ಪದಗಳ ಮೊತ್ತವಾಗಿ ಬರೆಯಬೇಕು ಎನ್ನೋಣ. cos nx ಪದದ ಗುಣಾಂಕ ಸಿಗಲು x² cos nx ಅನ್ನು ಇಂಟಿಗ್ರೇಟ್ ಮಾಡಬೇಕಾಗುತ್ತದೆ. ತರಗತಿಯಲ್ಲಿ ಬರ್ನೌಲಿ ನಿಯಮ ಎನ್ನುತ್ತಾರೆ. ಒಂದು ಸಾಲಿನಲ್ಲಿ x² ಅನ್ನು ಡಿಫರೆನ್ಷಿಯೇಟ್ ಮಾಡುತ್ತಾ ಹೋಗಿ: x², 2x, 2, ಸೊನ್ನೆ. ಇನ್ನೊಂದು ಸಾಲಿನಲ್ಲಿ cos nx ಅನ್ನು ಇಂಟಿಗ್ರೇಟ್ ಮಾಡುತ್ತಾ ಹೋಗಿ: sin nx / n, −cos nx / n², −sin nx / n³. ಎರಡೂ ಸಾಲುಗಳನ್ನು ಜೋಡಿಸಿ ಗುಣಿಸುವಾಗ ಚಿಹ್ನೆ ಪ್ಲಸ್, ಮೈನಸ್, ಪ್ಲಸ್ ಎಂದು ಬದಲಾಗಲಿ. sin nπ ಯಾವಾಗಲೂ ಸೊನ್ನೆ, ಆದ್ದರಿಂದ ಮೊದಲ ಪದ, ಕೊನೆಯ ಪದ ಎರಡೂ ಹೋಗುತ್ತವೆ. ನಡುವಿನದು ಮಾತ್ರ ಉಳಿದು, π ಇಂದ ಭಾಗಿಸಿದಾಗ 4(−1)ⁿ / n² ಬರುತ್ತದೆ. ಇಲ್ಲಿ ಬೇಕಾದದ್ದು sin, cos ಇಂಟಿಗ್ರೇಟ್ ಮಾಡುವುದು, ಚಿಹ್ನೆ ತಪ್ಪದಿರುವುದು, ಅಷ್ಟೇ. ಮೈಕ್ರಾನ್ ಲೆಕ್ಕದಲ್ಲಿ ಆಫ್‌ಸೆಟ್ ಕೊಡುವ ಕೈಗೆ ಚಿಹ್ನೆಯ ಎಚ್ಚರ ಹೊಸದಲ್ಲ. ಪರೀಕ್ಷೆಗೂ ತರಗತಿ ಶುರುವಾಗುವುದಕ್ಕೂ ನಡುವೆ ಸಿಗುವ ಸಮಯದಲ್ಲಿ ದ್ವಿತೀಯ ಪಿಯುಸಿಯ ಇಂಟಿಗ್ರೇಷನ್ ಅಧ್ಯಾಯ ಒಂದನ್ನೇ ಗಟ್ಟಿ ಮಾಡಿಕೊಂಡರೂ ಅರ್ಧ ಭಯ ಹೋಗುತ್ತದೆ.

ಕೆಲಸ ಬಿಡಲು ಆಗದಿದ್ದರೆ ಸಂಜೆ ಕಾಲೇಜುಗಳಿಗೂ ಡಿಸಿಇಟಿ ಮೂಲಕವೇ ಪ್ರವೇಶ ಇದೆ. ಕಾರ್ಖಾನೆಯಿಂದ ಸೇವಾ ಪ್ರಮಾಣಪತ್ರ ಬೇಕಾಗುತ್ತದೆ. ಎಚ್‌ಆರ್ ವಿಭಾಗದಲ್ಲಿ ಈಗಲೇ ಮಾತಾಡಿಡಿ.

---

ಹಾಸನದವಳು ಉತ್ತರ:

ಅಣ್ಣ, ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದಿಂದ ಇದೇ ದಾರಿಯಲ್ಲಿ ಬಿಇಗೆ ಬಂದವಳು. ಮೇಷ್ಟ್ರು ಗಣಿತದ ಬಗ್ಗೆ ಹೇಳಿದ್ದು ಅಕ್ಷರಶಃ ಸತ್ಯ. ಇನ್ನೊಂದು ವಿಷಯ ಸೇರಿಸುತ್ತೇನೆ. ಲ್ಯಾಟರಲ್ ಎಂಟ್ರಿಯ ಕೌನ್ಸೆಲಿಂಗ್ ಮುಗಿಯುವ ಹೊತ್ತಿಗೆ ಎಷ್ಟೋ ಕಾಲೇಜುಗಳಲ್ಲಿ ಮೂರನೇ ಸೆಮಿಸ್ಟರ್ ತರಗತಿ ಆಗಲೇ ಆರಂಭವಾಗಿರುತ್ತದೆ. ನಾನು ಸೇರುವಷ್ಟರಲ್ಲಿ ಮೊದಲ ಆಂತರಿಕ ಪರೀಕ್ಷೆಯ ವೇಳಾಪಟ್ಟಿ ಹಚ್ಚಿದ್ದರು. ಸೇರಿದ ದಿನವೇ ಹಾಜರಾತಿ ಎಂದಿನಿಂದ ಲೆಕ್ಕ ಹಾಕುತ್ತಾರೆ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ಪ್ರವೇಶ ಪಡೆದ ದಿನಾಂಕದಿಂದ ಎಂದು ಬರವಣಿಗೆಯಲ್ಲಿ ಸಿಕ್ಕರೆ ನೆಮ್ಮದಿ.

ಲ್ಯಾಬ್‌ನಲ್ಲಿ ನೀವೇ ಮುಂದಿರುತ್ತೀರಿ. ನಮ್ಮ ತಂಡದಲ್ಲಿ ಸರ್ಕ್ಯೂಟ್ ಕೆಲಸ ಮಾಡದೆ ನಿಂತರೆ ಎಲ್ಲರೂ ಡಿಪ್ಲೊಮಾದವರ ಬೆಂಚಿಗೇ ಬರುತ್ತಿದ್ದರು.

---

ಪೀಣ್ಯ_ಎರಡನೇ_ಹಂತ ಬರೆದದ್ದು:

ಮೇಷ್ಟ್ರೇ, ಹಾಸನದ ತಂಗಿ, ಇಬ್ಬರಿಗೂ ಧನ್ಯವಾದ. ಅಪ್ಪನಿಗೆ ಹೇಳಿದೆ, ಹಣ ಕೊಡುತ್ತಿಲ್ಲ. ಆದರೂ ಒಂದು ಅನುಮಾನ. ಕ್ರೆಡಿಟ್ ಬ್ಯಾಂಕ್ ಎಂಬುದು ನಿಜವಾಗಿಯೂ ಇದೆಯಲ್ಲ? ಅದರಲ್ಲಿ ಕ್ರೆಡಿಟ್ ಇದ್ದರೆ ಯಾವ ಕಾಲೇಜಾದರೂ ತೆಗೆದುಕೊಳ್ಳಲೇಬೇಕು ಎಂದು ಆ ಏಜೆಂಟ್ ಹೇಳಿದ್ದರು. ನಮ್ಮ ಕಾರ್ಖಾನೆಯ ಹಿರಿಯರೊಬ್ಬರು ಕೆಲಸದಲ್ಲಿದ್ದುಕೊಂಡೇ ಎಎಂಐಇ (ಖಾಸಗಿಯಾಗಿ ಓದಿ ಬರೆಯುವ ಇಂಜಿನಿಯರಿಂಗ್ ಪರೀಕ್ಷೆ) ಮಾಡಿದ್ದಾರೆ, ಅದೂ ಒಂದು ದಾರಿಯೇ?

---

ಪಾಲಿಟೆಕ್ನಿಕ್_ಮೇಷ್ಟ್ರು ಉತ್ತರ:

ಎಎಂಐಇ ಒಂದು ಕಾಲಕ್ಕೆ ಬಹಳ ಗೌರವದ ದಾರಿ. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯಿರುವ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಅದನ್ನು ನಡೆಸುತ್ತದೆ. ನಿಮ್ಮ ಹಿರಿಯರು ರಾತ್ರಿ ಓದಿ, ಪತ್ರಿಕೆಗಳನ್ನು ಒಂದೊಂದಾಗಿ ದಾಟಿ ಪಡೆದದ್ದು ನಿಜವಾದ ಅರ್ಹತೆ. ಆದರೆ ಅದನ್ನು ಬಿಇಗೆ ಸಮಾನವೆಂದು ಕೇಂದ್ರ ಸರ್ಕಾರ ಮಾನ್ಯ ಮಾಡುವುದು 2013ರ ಮೇ 31ರವರೆಗೆ ನೋಂದಾಯಿಸಿದವರಿಗೆ ಮಾತ್ರ. ನಿಮಗೆ ಆ ಬಾಗಿಲು ಮುಚ್ಚಿದೆ.

ಕ್ರೆಡಿಟ್ ಬ್ಯಾಂಕ್ ನಿಜವಾಗಿಯೂ ಇದೆ, ಒಳ್ಳೆಯ ವ್ಯವಸ್ಥೆಯೂ ಹೌದು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರ ಜುಲೈನಲ್ಲಿ ಅದರ ನಿಯಮಗಳನ್ನು ಪ್ರಕಟಿಸಿತು. ಒಂದು ಕಡೆ ಗಳಿಸಿದ ಕ್ರೆಡಿಟ್ ಗರಿಷ್ಠ ಏಳು ವರ್ಷ ನಿಮ್ಮ ಖಾತೆಯಲ್ಲಿರುತ್ತದೆ. ಖಾತೆಗೆ ಕ್ರೆಡಿಟ್ ಹಾಕುವುದು ನೋಂದಾಯಿತ ಶಿಕ್ಷಣ ಸಂಸ್ಥೆ ಮಾತ್ರ. ವಿದ್ಯಾರ್ಥಿ ತಾನೇ ಹಾಕಿಕೊಳ್ಳಲಾಗದು, ಏಜೆಂಟ್‌ನಿಂದಲೂ ಆಗದು. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ 50 ಕ್ರೆಡಿಟ್ ಗಳಿಸಿರಬೇಕು. ನಾಲ್ಕು ವರ್ಷದ ಪದವಿಯ ಅರ್ಧವನ್ನು ಒಂದೇ ವರ್ಷದಲ್ಲಿ, ತರಗತಿಗೆ ಹೋಗದೆ ಹೇಗೆ ಗಳಿಸುತ್ತೀರಿ? ಆತ ತೋರಿಸಿದ ಬ್ಯಾಂಕಿನ ನಿಯಮವೇ ಆತನ ಮಾತನ್ನು ಸುಳ್ಳಾಗಿಸುತ್ತದೆ. ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಪ್ರವೇಶಕ್ಕೆ ಪ್ರವೇಶದ ನಿಯಮವೇ ಬೇರೆ.

ನೀವು ಕಾಲೇಜು ಸೇರಿದ ಮೇಲೆ ಈ ಖಾತೆ ಉಪಯೋಗಕ್ಕೆ ಬರುತ್ತದೆ. ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ಜಾಲತಾಣದ ಕೋರ್ಸುಗಳನ್ನು ವಿಶ್ವವಿದ್ಯಾಲಯ ಒಪ್ಪಿದರೆ, ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕ್ರೆಡಿಟ್ ಅಲ್ಲಿಂದ ಬರಲು ಯುಜಿಸಿ ಅವಕಾಶ ಕೊಟ್ಟಿದೆ. ಸ್ವಯಂನಲ್ಲಿ ಸಿಗುವ ಎನ್‌ಪಿಟಿಇಎಲ್ ಸರಣಿಯಲ್ಲಿ ಐಐಟಿಯವರು ಕಲಿಸುವ ಉತ್ಪಾದನಾ ತಂತ್ರಜ್ಞಾನದ ಕೋರ್ಸುಗಳಿವೆ. ನಿಮ್ಮ ಕೈಕೆಲಸಕ್ಕೆ ಅವು ಚೆನ್ನಾಗಿ ಹೊಂದುತ್ತವೆ.

---

ಐಟಿಐ_ಹುಡುಗನ_ಅಕ್ಕ ಕೇಳಿದ್ದು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ತಮ್ಮ ಎರಡು ವರ್ಷದ ಫಿಟ್ಟರ್ ಐಟಿಐ ಮುಗಿಸುತ್ತಿದ್ದಾನೆ. ಅವನಿಗೂ ಇಂಥದ್ದೇನಾದರೂ ಇದೆಯೇ?

---

ಪಾಲಿಟೆಕ್ನಿಕ್_ಮೇಷ್ಟ್ರು ಉತ್ತರ:

ಇದೆ ತಾಯಿ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ತಾಂತ್ರಿಕ ಶಿಕ್ಷಣ ಇಲಾಖೆ ಅರ್ಜಿ ಕರೆಯುತ್ತದೆ. ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲೇ ವಿಚಾರಿಸಿ. ಅಲ್ಲಿಂದ ಮುಂದೆ ಡಿಸಿಇಟಿ. ಫಿಟ್ಟರ್ ಟ್ರೇಡಿನಿಂದ ಹೊರಟು ಬಿಇ ತಲುಪಿದ ಹುಡುಗರು ನಮ್ಮಲ್ಲೇ ಓದಿ ಹೋಗಿದ್ದಾರೆ. ಅವನ ಐಟಿಐ ಮುಗಿಸಿದ ಎನ್‌ಟಿಸಿ (ರಾಷ್ಟ್ರೀಯ ಟ್ರೇಡ್) ಪ್ರಮಾಣಪತ್ರ, ಅಂಕಪಟ್ಟಿ ಜೋಪಾನವಾಗಿರಲಿ.

ಪೀಣ್ಯದವರೇ, ನಿಮಗೊಂದು ಕೆಲಸ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲೇ, ಕನ್ನಡ ಮಾಧ್ಯಮದಲ್ಲೇ ಓದಿದ್ದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡನ್ನೂ ಕೇಳಬಹುದು. ಹತ್ತೂ ವರ್ಷ ಪೂರ್ತಿ ಇರಬೇಕು, ನಡುವೆ ಒಂದು ವರ್ಷ ಪಟ್ಟಣದ ಶಾಲೆಗೆ ಹೋಗಿದ್ದರೂ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ಎರಡು ಶಾಲೆಗಳಲ್ಲಿ ಓದಿದ್ದರೆ ಎರಡೂ ಕಡೆಯ ಮುಖ್ಯ ಶಿಕ್ಷಕರ ಸಹಿ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಅರ್ಜಿ ಕರೆದ ಮೇಲೆ ಬಿಇಒ ಕಚೇರಿಯಲ್ಲಿ ನೂಕುನುಗ್ಗಲು. ಮುಂದಿನ ಸಲ ಊರಿಗೆ ಹೋಗುವಾಗ ಒಂದು ಕೆಲಸದ ದಿನ ರಜೆ ಹಾಕಿ, ಮಧುಗಿರಿಯಲ್ಲಿ ಇದನ್ನು ಮುಗಿಸಿಕೊಂಡೇ ಬಸ್ ಹತ್ತಿ.

---

ಪೀಣ್ಯ_ಎರಡನೇ_ಹಂತ ಬರೆದದ್ದು:

ಏಳನೇ ತರಗತಿಯವರೆಗೆ ನಮ್ಮೂರ ಶಾಲೆ, ಆಮೇಲೆ ಪಕ್ಕದ ಹಳ್ಳಿಯ ಪ್ರೌಢಶಾಲೆ. ಎರಡೂ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲೇ ಇವೆ, ಎರಡೂ ಕನ್ನಡ ಮಾಧ್ಯಮ. ಸೋಮವಾರಕ್ಕೆ ರಜೆ ಬರೆದುಕೊಟ್ಟೆ ಮೇಷ್ಟ್ರೇ.